ಸಂದರ್ಶನಕ್ಕೆ ಹೋಗಿ, ಭಿಕ್ಷೆಗಲ್ಲ!

ಕನ್ನಡದ ತರುಣ ತರುಣಿಯರೇ,

ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಅಚ್ಚಗನ್ನಡ ಊರುಗಳು ಸೇರಿ 'ಬಿಟಿಎಂ' ಎಂಬ ಮೂರು ಇಂಗ್ಲಿಷ್ ಅಕ್ಷರಗಳಾಗಿ ಹೋದವು. ಆ ಬಡಾವಣೆಯ ಕಚೇರಿಗಳ ಮೆಟ್ಟಿಲು ಹತ್ತುವ ನಮ್ಮ ಹುಡುಗರದೂ ಅದೇ ಪಾಡು. ಬನಶಂಕರಿಯಲ್ಲಿ ಬಸ್ಸು ಹತ್ತುವಾಗ ಹುಲಿ. ಸಂದರ್ಶನದ ಕುರ್ಚಿಯಲ್ಲಿ ಕೂತೊಡನೆ ಇಲಿ! ಬಾಯಿಂದ ಬರುವ ಮೊದಲ ಮಾತೇ 'ಸಾರಿ ಸರ್, ನಾನು ಕನ್ನಡ ಮೀಡಿಯಂ'. ಯಾವ ಅಪರಾಧಕ್ಕೆ ಈ ಕ್ಷಮಾಪಣೆ?

ಸಂದರ್ಶನಕ್ಕೊಂದು ಶಿಷ್ಟಾಚಾರವಿದೆ, ಇರಲೇಬೇಕು. ಕಾಲು ಗಂಟೆ ಮುಂಚೆ ತಲುಪಿ. ಸಿಲ್ಕ್ ಬೋರ್ಡಿನ ಟ್ರಾಫಿಕ್ ಕಥೆ ಯಾರಿಗೂ ಬೇಕಿಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಕು, ಸಾಲದ ಸೂಟು ಬೇಡ. ಕಂಪನಿ ಏನು ಮಾಡುತ್ತದೆಂದು ಓದಿಕೊಂಡು ಹೋಗಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಮೂಲ ಅಂಕಪಟ್ಟಿ ತೋರಿಸಿ, ಕೊಡುವುದು ಜೆರಾಕ್ಸ್ ಮಾತ್ರ. ಕೆಲಸಕ್ಕೆ ಮುಂಗಡ ಹಣ ಕೇಳಿದರೆ ಎದ್ದು ಬನ್ನಿ, ಅದು ಸಂದರ್ಶನವಲ್ಲ, ಸುಲಿಗೆ.

ಇನ್ನೊಂದು ಕಹಿ ಮಾತು. ನವೆಂಬರ್ ಒಂದರಂದು ಬಾವುಟ ಹಿಡಿದದ್ದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಕೆಲಸ ಕಲಿಯಿರಿ. ಇಂಗ್ಲಿಷನ್ನೂ ಕಲಿಯಿರಿ, ಗುಲಾಮರಾಗಿ ಅಲ್ಲ, ಸಲಕರಣೆಯಾಗಿ.

ಆದರೆ ಶಿಷ್ಟಾಚಾರ ಮೇಜಿನ ಈಚೆಗೆ ಮಾತ್ರವೇ? ಆಚೆ ಕೂತವರಿಗೆ ಬೇಡವೇ? ಜಯನಗರ ನಾಲ್ಕನೇ ಬ್ಲಾಕಿನ ಕೌಂಟರಿನಲ್ಲಿ ನಿಲ್ಲುವ ಕೆಲಸ. ಎದುರಿಗೆ ಬರುವುದು ಪಾಸ್‌ಬುಕ್ ಹಿಡಿದ ನಮ್ಮ ಅಜ್ಜಿ. ಆದರೂ ಕೇಳುವುದು 'ಹಿಂದಿ ಆತಾ ಹೈ ಕ್ಯಾ?' ಎಂದು. 'ಕನ್ನಡ ಬರುತ್ತದೆಯೇ?' ಎಂದು ಕೇಳುವವರು ಎಷ್ಟು ಜನ? ಗ್ರಾಹಕರ ಭಾಷೆ ಗೊತ್ತಿರುವುದು ಅರ್ಹತೆಯಲ್ಲದಿದ್ದರೆ ಮತ್ಯಾವುದು ಅರ್ಹತೆ?

ಸರ್ಕಾರದ ಮುಖ ನೋಡಿಕೊಂಡು ಕೂರಬೇಡಿ. 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ 58 ಶಿಫಾರಸುಗಳ ವರದಿ ಕೊಟ್ಟಿತು. ಇಲ್ಲಿನ ಕೇಂದ್ರೋದ್ಯಮಗಳ 'ಸಿ' ಮತ್ತು 'ಡಿ' ದರ್ಜೆಯ ಹುದ್ದೆಗಳೆಲ್ಲ ಕನ್ನಡಿಗರಿಗೇ ಎಂದಿತು. ಆ ಮಾತು ಕಾಗದದಲ್ಲೇ ಉಳಿಯಿತು. 2024ರ ಜುಲೈನಲ್ಲಿ ಸಚಿವ ಸಂಪುಟ ಇನ್ನೊಂದು ಮಸೂದೆ ಒಪ್ಪಿತು: ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ಉದ್ಯಮಿಗಳು ಗುಡುಗಿದರು, ಎರಡೇ ದಿನದಲ್ಲಿ ಮಸೂದೆಗೆ ತಡೆ ಬಿತ್ತು. ಹುಟ್ಟಿದ ಮಗುವಿಗೆ ತೊಟ್ಟಿಲೂ ಕಟ್ಟಲಿಲ್ಲ!

ಆದ್ದರಿಂದ ಬಯೋಡೇಟಾದ ಭಾಷೆಗಳ ಪಟ್ಟಿಯಲ್ಲಿ ಮೊದಲು ಕನ್ನಡ ಬರೆಯಿರಿ. ಓದಲು, ಬರೆಯಲು, ಮಾತನಾಡಲು ಬಲ್ಲೆ ಎಂದು ಬಿಡಿಸಿ ಬರೆಯಿರಿ. ಹಿಂದಿ ಬರುತ್ತದೆಯೇ ಎಂದರೆ ಸಿಡುಕಬೇಡಿ. 'ಈ ಕೆಲಸಕ್ಕೆ ಅದು ಎಲ್ಲಿ ಬೇಕು ಸರ್? ನಿಮ್ಮ ಗ್ರಾಹಕರಲ್ಲಿ ಕನ್ನಡದವರೆಷ್ಟು?' ಎಂದು ನಗುನಗುತ್ತಲೇ ಕೇಳಿ. ಒಬ್ಬ ಕೇಳಿದರೆ ತಲೆಹರಟೆ ಎಂದಾರು. ಜೆ.ಪಿ. ನಗರದಿಂದ ಜಯನಗರದವರೆಗೆ ಬಂದವರೆಲ್ಲ ಕೇಳಿದರೆ ಪ್ರಶ್ನೆಪತ್ರಿಕೆಯೇ ಬದಲಾಗುತ್ತದೆ.

ಬಾಗಿಲಲ್ಲಿ ನಮಸ್ಕಾರ ಹೇಳಿ, ಅದು ನಮ್ಮ ಸಂಸ್ಕಾರ. ಬೆನ್ನು ಮಾತ್ರ ಬಗ್ಗಿಸಬೇಡಿ. ನೀವು ಕೇಳಲು ಹೊರಟಿರುವುದು ಕೆಲಸ, ಕರುಣೆಯಲ್ಲ!