ಟಿ.ವಿ. ಹಚ್ಚಿದ್ದು ಒಪ್ಪಿಗೆಯಲ್ಲ

"ಜನ ಕೇಳುತ್ತಾರೆ, ನಾವು ಕೊಡುತ್ತೇವೆ." ಹೆಂಡತಿಯ ಕೆನ್ನೆಗೆ ಬಾರಿಸುವ ನಾಯಕನ ಬಗ್ಗೆ, ವರ್ಷಗಟ್ಟಲೆ ಅಳುವ ಸೊಸೆಯ ಬಗ್ಗೆ, ಹಾಲಿನಲ್ಲಿ ವಿಷ ಬೆರೆಸುವ ಅತ್ತೆಯ ಬಗ್ಗೆ ಮಹಿಳಾ ಸಂಘಟನೆಗಳು ಆಕ್ಷೇಪ ಎತ್ತಿದಾಗಲೆಲ್ಲ ಸಿನಿಮಾದವರೂ ಧಾರಾವಾಹಿಯವರೂ ಕೊಡುವ ಉತ್ತರ ಇದೊಂದೇ. ಈ ಉತ್ತರ ಎಷ್ಟು ಸಲ ಕೇಳಿಬಂದಿದೆಯೆಂದರೆ ನಮ್ಮವರೇ ಕೆಲವರು ಅದನ್ನು ನಂಬತೊಡಗಿದ್ದಾರೆ. ಹೆಂಗಸರೇ ಸಂಜೆಯಿಂದ ಮಲಗುವ ತನಕ ಅದರ ಮುಂದೆ ಕೂತಿರುವಾಗ ತಪ್ಪು ಯಾರದು ಎಂದು ನಮ್ಮನ್ನೇ ತಿರುಗಿ ಕೇಳುತ್ತಾರೆ.

ಹಾಗಾದರೆ ನಾವೂ ಒಂದು ಪ್ರಶ್ನೆ ಕೇಳೋಣ. ಈ 'ಜನ' ಅಂದರೆ ಯಾರು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹೆಂಗಸರು ಆ ಜನದಲ್ಲಿ ಸೇರಿದ್ದಾರೆಯೆ? ಸೇರಿದ್ದರೆ ಅವರು ಯಾವಾಗ, ಯಾರ ಮುಂದೆ, ಏನು ಬೇಕೆಂದು ಕೇಳಿದರು?

ಕೇಳಿದ್ದು ಒಂದು ವರ್ಷ ಮಾತ್ರ

ಟಿ.ವಿ. ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ, ಅಮೆರಿಕದ ಎ.ಟಿ.ಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ಮುಟ್ಟಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳು. ನಮ್ಮ ನಾಲ್ಕೂ ತಾಲ್ಲೂಕುಗಳು ಆಗ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಈ ಒಣಬೇಸಾಯದ ಜಿಲ್ಲೆಗಳ ಹಳ್ಳಿಗಳಲ್ಲಿ ಹೆಂಗಸರು, ಮಕ್ಕಳು ಊರಿಗೊಂದು ಪೆಟ್ಟಿಗೆಯ ಮುಂದೆ ಕೂತು ಟಿ.ವಿ. ನೋಡಿದ್ದರು.

ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಎಂದು ಸರಕಾರ ತನಗೆ ಬೇಕಾದುದನ್ನೇ ಆಗ ಕಲಿಸಹೊರಟಿತ್ತು, ನಿಜ. ಆದರೂ ಸಂಶೋಧಕರು ಹಳ್ಳಿಗಳಲ್ಲಿ ಉಳಿದರು. ನೋಡಿದವರನ್ನು ಮಾತಾಡಿಸಿದರು. ಏನು ತಿಳಿಯಿತು, ಏನು ತಿಳಿಯಲಿಲ್ಲ, ಏನು ಹಿಡಿಸಿತು ಎಂದು ಬರೆದುಕೊಂಡರು. ಆ ಒಂದು ವರ್ಷ ಮುಗಿಯಿತು, ಕೇಳುವ ರೂಢಿಯೂ ಮುಗಿಯಿತು.

ಈಗ ಎಣಿಸುವುದು ಏನನ್ನು?

ಈಗ ಅಭಿಪ್ರಾಯದ ಜಾಗದಲ್ಲಿ ಟಿ.ಆರ್.ಪಿ. ಎಂಬ ಅಂಕಿ ಕೂತಿದೆ. 2015ರಿಂದ ಈ ಲೆಕ್ಕವನ್ನು ಬಾರ್ಕ್ ಎಂಬ ಸಂಸ್ಥೆ ಹಾಕುತ್ತಿದೆ. ಪ್ರಸಾರಕರು, ಜಾಹೀರಾತುದಾರರು, ಜಾಹೀರಾತು ಕಂಪನಿಗಳು ಕೂಡಿ ಕಟ್ಟಿಕೊಂಡ ಸಂಸ್ಥೆ ಅದು. ಆಯ್ದ ಕೆಲವು ಮನೆಗಳಲ್ಲಿ ಒಂದು ಮೀಟರು ಇಡುತ್ತಾರೆ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕೂತಾಗ ತನ್ನ ಗುಂಡಿ ಒತ್ತಬೇಕು. ಯಾವ ವಾಹಿನಿ ಎಷ್ಟು ಹೊತ್ತು ಓಡಿತು, ಮುಂದೆ ಕೂತಾಕೆಯ ವಯಸ್ಸೆಷ್ಟು ಎಂಬುದು ಯಂತ್ರಕ್ಕೆ ತಿಳಿಯುತ್ತದೆ. ಆಕೆ ರೊಟ್ಟಿ ಬಡಿಯುತ್ತ ಟಿ.ವಿ.ಗೆ ಬೆನ್ನು ಮಾಡಿ ಕೂತಿದ್ದಳೆ, ಬೈದುಕೊಳ್ಳುತ್ತ ನೋಡಿದಳೆ, ರಿಮೋಟು ಗಂಡನ ಕೈಯಲ್ಲಿತ್ತೆ, ಪಕ್ಕದ ಮನೆಯಿಂದ ಬರುವ ಚೀರಾಟ ಕೇಳದಿರಲೆಂದು ಧ್ವನಿ ಹೆಚ್ಚಿಸಿದ್ದಳೆ – ಇದಾವುದನ್ನೂ ಆ ಯಂತ್ರ ಕೇಳುವುದಿಲ್ಲ.

2015ಕ್ಕೆ ಮೊದಲಿನ ಎಣಿಕೆಯಲ್ಲಂತೂ ಹಳ್ಳಿಗಳಿಗೆ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ಪೇಟೆಯ ಮನೆಗಳ ಅಂಕಿ ಹಿಡಿದುಕೊಂಡು ಹಳ್ಳಿಯ ಹೆಂಗಸರಿಗೆ ಇದೇ ಇಷ್ಟ ಎಂದು ವರ್ಷಗಟ್ಟಲೆ ಹೇಳಿದರು.

ಸಿನಿಮಾದ ಲೆಕ್ಕ ಇನ್ನೂ ಸರಳ. ಅಲ್ಲಿ ಟಿಕೇಟಿನ ಹಣವೇ ಮತ. ಸಂಜೆಯ ಆಟಕ್ಕೆ ಒಬ್ಬಳೇ ಹೋಗಿ ಬರುವ ಸ್ವಾತಂತ್ರ್ಯ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟು ಹೆಂಗಸರಿಗಿದೆ? ಕೂಲಿ ಹಣದಲ್ಲಿ ತನಗೆಂದು ಟಿಕೇಟು ಕೊಳ್ಳುವವರು ಎಷ್ಟು ಜನ? ರಾತ್ರಿ ಹೊರಗೆ ಹೋಗಬಲ್ಲವರ, ಕೈಯಲ್ಲಿ ಹಣವಿರುವವರ ಅಭಿಪ್ರಾಯವನ್ನೇ 'ಜನರ ಅಭಿಪ್ರಾಯ' ಎಂದು ನಮಗೆ ತಂದು ಒಪ್ಪಿಸಲಾಗುತ್ತಿದೆ.

ಹುಲಿಯ ಪಾಲಾದ ಬಾಲ್ಯವಿವಾಹ

ನೋಡುವ ಹೆಂಗಸರಿಗೆ ಅಭಿಪ್ರಾಯವಿಲ್ಲವೆ? ಬೇಕಾದಷ್ಟಿದೆ. ಹೊಲದಲ್ಲಿ ಕಳೆ ತೆಗೆಯುವಾಗ, ಸಂಘದ ಉಳಿತಾಯದ ಹಣ ಎಣಿಸುವಾಗ, ಬಸ್ಸಿಗೆ ಕಾಯುವಾಗ ನಿನ್ನೆಯ ಧಾರಾವಾಹಿಯ ವಿಚಾರಣೆ ನಡೆದೇ ಇರುತ್ತದೆ. ಯಾರದು ಸರಿ, ಯಾರದು ತಪ್ಪು, ಯಾರಿಗೆ ಬುದ್ಧಿಯಿಲ್ಲ ಎಂದು ತೀರ್ಪೂ ಆಗಿರುತ್ತದೆ. ಆ ತೀರ್ಪು ಬೆಂಗಳೂರು ಮುಟ್ಟುವುದಿಲ್ಲ, ಅಷ್ಟೆ.

'ಪುಟ್ಟಗೌರಿ ಮದುವೆ'ಯನ್ನೇ ನೋಡಿ. ಹಿಂದಿಯ 'ಬಾಲಿಕಾ ವಧು' ಧಾರಾವಾಹಿಯ ಜಾಡಿನಲ್ಲಿ 2012ರಲ್ಲಿ ಅದು ಶುರುವಾಯಿತು. ಹೂಡಿದ ವಿಷಯ ಬಾಲ್ಯವಿವಾಹ. ಪರೀಕ್ಷೆ ಬರೆಯಬೇಕಾದ ಹುಡುಗಿಯರಿಗೆ ಬಾಸಿಂಗ ಕಟ್ಟುವುದು ಇನ್ನೂ ನಿಲ್ಲದ ನಮ್ಮ ಜಿಲ್ಲೆಗೆ ಇದಕ್ಕಿಂತ ಹತ್ತಿರದ ವಿಷಯ ಬೇರೆ ಯಾವುದಿದೆ? ಆದರೆ ಆರು ವರ್ಷ ಓಡಿದ ಆ ಕಥೆ ಕಡೆಕಡೆಗೆ ಎಲ್ಲಿಗೆ ಹೋಯಿತು? ಕಾಡಿಗೆ, ಪ್ರಪಾತಕ್ಕೆ, ಹುಲಿಯ ಬಾಯಿಗೆ. ನಾಡೇ ನಕ್ಕಿತು. ನಗುವವರು ನಗಲಿ, ನಮ್ಮ ತಕರಾರು ಬೇರೆ. ಎಳೆಯ ಹುಡುಗಿಗೆ ತಾಳಿ ಕಟ್ಟಿಸುವ ಅಪ್ಪ, ಹೆಣ್ಣು ನೋಡಲು ಬರುವ ಹಿರಿಯರು, ವಯಸ್ಸು ಮುಚ್ಚಿಟ್ಟು ಮದುವೆ ಮಾಡಿಸುವ ಊರು – ಇವರನ್ನು ಹೊಣೆ ಮಾಡಬೇಕಾದ ಜಾಗದಲ್ಲಿ ಹುಲಿಯನ್ನು ತಂದು ನಿಲ್ಲಿಸಿದರು. ಹುಲಿಯ ಮೇಲೆ ಯಾವ ಕಾಯಿದೆಯೂ ನಡೆಯುವುದಿಲ್ಲವಲ್ಲ!

ಹೆಣ್ಣಿನ ಮೇಲೆ ಹೆಣ್ಣನ್ನೇ ಎತ್ತಿಕಟ್ಟುವುದೂ ಇದೇ ತಂತ್ರ. ಧಾರಾವಾಹಿಗಳಲ್ಲಿ ಕೇಡು ಮಾಡುವವರು ಬಹುತೇಕ ಅತ್ತೆ, ನಾದಿನಿ, ವಾರಗಿತ್ತಿ, ಇಲ್ಲವೆ ಗಂಡನನ್ನು ಬಯಸಿ ಬಂದ ಇನ್ನೊಬ್ಬಳು. ಗಂಡ ಮಾತ್ರ ಏನೂ ತಿಳಿಯದ ಸಾಧು. ಅತ್ತೆಯ ಕಾಟ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಎಷ್ಟು ತೊಲೆ ಬಂಗಾರ, ಯಾವ ಗಾಡಿ, ಕೈಗೆ ಎಷ್ಟು ರೊಕ್ಕ ಎಂದು ಮಾತುಕತೆಗೆ ಕೂರುವ ಗಂಡಸರು ತೆರೆಯ ಮೇಲೆ ಏಕೆ ಕಾಣುವುದಿಲ್ಲ? ಮದುವೆಯ ಸಂಭ್ರಮ ವಾರಗಟ್ಟಲೆ ನಡೆಯುತ್ತದೆ. ಅದರ ಸಾಲ ತೀರಿಸಲು ಹೊಲ ಮಾರಿದ್ದು, ಗುಳೆ ಹೋದದ್ದು ಒಂದು ಕಂತಿನಲ್ಲೂ ಬರುವುದಿಲ್ಲ. ನಡುವೆ ಬರುವ ಜಾಹೀರಾತಿನಲ್ಲಿ ಒಡವೆ ಅಂಗಡಿಯವರು ಮದುಮಗಳ ಮೈತುಂಬ ಚಿನ್ನ ಹೇರುತ್ತಾರೆ. ಕಥೆ ಯಾರ ಹಣದಿಂದ ನಡೆಯುತ್ತದೋ ಅವರಿಗೆ ವರದಕ್ಷಿಣೆ ಎಂಬ ಮಾತು ಹಿತವಾಗುವುದಾದರೂ ಹೇಗೆ?

ಒಳ್ಳೆಯದನ್ನು ಕೊಟ್ಟಾಗ ಹೆಂಗಸರು ಗುರುತಿಸಲಿಲ್ಲವೆ? 'ಮೂಡಲಮನೆ'ಯಲ್ಲಿ ವೈಶಾಲಿ ಕಾಸರವಳ್ಳಿಯವರು ಉತ್ತರ ಕರ್ನಾಟಕದ ಮನೆ, ಮಾತುಗಳನ್ನು ಮರ್ಯಾದೆಯಿಂದ ತೋರಿಸಿದಾಗ ಇಲ್ಲಿನವರು ಅದನ್ನು ತಮ್ಮದೆಂದೇ ನೋಡಿದರು. 2021ರ ಕೊನೆಗೆ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀ ಮಾಡಿದ ಪುಟ್ಟಕ್ಕ, ಮೂರೂ ಹೆಣ್ಣಾದವೆಂದು ಗಂಡ ಬಿಟ್ಟುಹೋದ ಹೆಂಗಸು. ಅಡಿಗೆ ಮಾಡಿ ಬಡಿಸಿ, ದುಡಿದು, ಮೂವರನ್ನೂ ಬೆಳೆಸುತ್ತಾಳೆ. ಅಂಥವಳನ್ನು ನಾಡಿನ ಹೆಂಗಸರು ಬೇಡವೆನ್ನಲಿಲ್ಲ. ಅದು ಕನ್ನಡದ ಮುಂಚೂಣಿಯ ಧಾರಾವಾಹಿಯಾಗಿತ್ತು. ಅಳುವ ಹೆಣ್ಣೇ ಬೇಕು ಎಂದವರು ಯಾರು, ಹಾಗಾದರೆ?

ತವರು ತೆರೆಯ ಮೇಲೆ ಮಾತ್ರ

ಸಿನಿಮಾಕ್ಕೆ ಬರೋಣ. 'ಹಾಲುಂಡ ತವರು' 1994ರದ್ದು, 'ತವರಿನ ತೊಟ್ಟಿಲು' 1996ರದ್ದು, 'ತವರಿಗೆ ಬಾ ತಂಗಿ' 2002ರದ್ದು. ಸೆರಗಿನಲ್ಲಿ ಮುಖ ಒರೆಸಿಕೊಂಡು ನಮ್ಮ ತಾಯಂದಿರು, ಅಕ್ಕಂದಿರು ಇವನ್ನು ನೋಡಿದರು. ಹೆಂಗಸರಿಗೆ ಅಳುವ ಸಿನಿಮಾ ಇಷ್ಟ ಎಂದು ಗಾಂಧಿನಗರ ತೀರ್ಮಾನಿಸಿತು. ಅವರು ಅತ್ತದ್ದು ಯಾತಕ್ಕೆ ಎಂದು ಯಾರಾದರೂ ಕೇಳಿದರೆ? ತೆರೆಯ ಮೇಲೆ ಅಣ್ಣ 'ಬಾ ತಂಗಿ' ಎನ್ನುತ್ತಾನೆ. ಏಟು ತಿಂದು ನಡುರಾತ್ರಿ ತವರಿಗೆ ಬಂದವಳಿಗೆ ನಿಜವಾದ ಅಣ್ಣ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ' ಎಂಬ ಗಾದೆ ಹೇಳಿ, ಬೆಳಗಿನ ಮೊದಲ ಬಸ್ಸಿಗೆ ಹತ್ತಿಸುತ್ತಾನೆ. ಆಸ್ತಿಯಲ್ಲಿ ಪಾಲು ಕೇಳದಿದ್ದರೆ ಮಾತ್ರ ತಂಗಿ ತಂಗಿ. ಹೆಂಗಸರು ಅತ್ತದ್ದು ಸಿಗದ ತವರಿಗಾಗಿ. ಆ ಕಣ್ಣೀರನ್ನು ಇವರು ಗಲ್ಲಾಪೆಟ್ಟಿಗೆಯಲ್ಲಿ ಎಣಿಸಿಕೊಂಡರು.

ಗಂಗಾವತಿಯ ಕಥೆ ಇನ್ನೊಂದು ಬಗೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳಲ್ಲಿ ನೆಲೆಸಿದರು. ಅಲ್ಲಿ ತೆಲುಗು ಸಿನಿಮಾ ಕನ್ನಡದಷ್ಟೇ ಮನೆಮಾತು. 2017ರ 'ಅರ್ಜುನ್ ರೆಡ್ಡಿ'ಯಲ್ಲಿ ನಾಯಕ ತಾನು ಪ್ರೀತಿಸಿದವಳಿಗೆ ಹೊಡೆಯುತ್ತಾನೆ. ಅದೇ ನಿರ್ದೇಶಕರು 2019ರಲ್ಲಿ ಅದನ್ನು ಹಿಂದಿಗೆ ತಂದಾಗ ಟೀಕೆ ಬಂತು. ಗಾಢವಾಗಿ ಪ್ರೀತಿಸುವ ಇಬ್ಬರ ನಡುವೆ ಕೈ ಎತ್ತುವ ಸ್ವಾತಂತ್ರ್ಯವೂ ಇಲ್ಲದಿದ್ದರೆ ಅಲ್ಲಿ ಭಾವನೆಯೇ ಕಾಣದು ಎಂಬರ್ಥದ ಮಾತನ್ನು ಅವರು ಸಂದರ್ಶನದಲ್ಲಿ ಆಡಿದರು. ನಮ್ಮ ಹಳ್ಳಿಗಳ ಹುಡುಗರು ಈ ಸ್ವಾತಂತ್ರ್ಯವನ್ನು ಸಿನಿಮಾ ನೋಡಿಯೇ ಕಲಿಯಬೇಕಿಲ್ಲ, ಅದು ಮನೆಯಲ್ಲೇ ಉಂಟು. ಸಿನಿಮಾ ಅದಕ್ಕೆ ಹಿನ್ನೆಲೆ ಸಂಗೀತ ಕೊಟ್ಟಿತು.

ತೆರೆಯ ಆಚೆಗೆ ಚಿತ್ರರಂಗ ಹೇಗೆ ನಡೆದುಕೊಂಡಿತು? 2011ರ ಸೆಪ್ಟೆಂಬರ್‌ನಲ್ಲಿ ಹಲ್ಲೆಯಾಯಿತೆಂದು ಪತ್ನಿ ಕೊಟ್ಟ ದೂರಿನ ಮೇಲೆ ನಟ ದರ್ಶನ್ ಬಂಧನವಾಯಿತು. ನಿರ್ಮಾಪಕರ ಸಂಘ ತಕ್ಷಣ ಶಿಕ್ಷೆ ವಿಧಿಸಿತು – ಒಬ್ಬ ನಟಿಗೆ! ನಿಖಿತಾ ಅವರ ಮೇಲೆ ಮೂರು ವರ್ಷದ ನಿಷೇಧ. ಪ್ರತಿಭಟನೆ ಎದ್ದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಆಮೇಲೆ ಪತ್ನಿ ರಾಜಿಯಾದರು. ಅದೇ ತಿಂಗಳ ಕೊನೆಗೆ, ನಟ ಇನ್ನೂ ನ್ಯಾಯಾಂಗ ಬಂಧನದಲ್ಲಿದ್ದಾಗಲೇ, 'ಸಾರಥಿ' ತೆರೆಕಂಡು ಭರ್ಜರಿಯಾಗಿ ಓಡಿತು. ಜನ ಕ್ಷಮಿಸಿದರು ಎಂದು ಬರೆದುಕೊಂಡರು. ಯಾವ ಜನ? ಟಿಕೇಟು ಕೊಂಡವರು. ಟಿಕೇಟು ಕೊಳ್ಳದೆ ಮನೆಯಲ್ಲಿ ಉಳಿದು, 'ಅಷ್ಟು ದೊಡ್ಡವರ ಹೆಂಡತಿಗೇ ಹೀಗಾದರೆ ನನ್ನ ಮಾತು ಯಾರು ಕೇಳುತ್ತಾರೆ' ಎಂದುಕೊಂಡವಳ ಅಭಿಪ್ರಾಯ ಯಾವ ಲೆಕ್ಕದಲ್ಲಿ ಸೇರಿತು?

ನಮ್ಮ ಬಾಯಿಂದಲೇ

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 44 ಜನ ಗಂಡನಿಂದ ಹಿಂಸೆ ಕಂಡವರು. ಹೇಳದೆ ಹೊರಗೆ ಹೋದದ್ದು, ಎದುರು ಮಾತಾಡಿದ್ದು, ಅಡಿಗೆ ಕೆಡಿಸಿದ್ದು, ಅತ್ತೆಮಾವಂದಿರಿಗೆ ಮರ್ಯಾದೆ ಕೊಡದಿದ್ದದ್ದು ಮುಂತಾದ ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿ ಎಂದ ಗಂಡಸರು ನೂರಕ್ಕೆ 82. ಸರಿ ಎಂದ ಹೆಂಗಸರು ನೂರಕ್ಕೆ 77.

ನೋಡಿ, ಹೆಂಗಸರೇ ಒಪ್ಪಿದ್ದಾರೆ ಎಂದು ಈ ಅಂಕಿಯನ್ನೂ ನಮ್ಮ ಮುಖಕ್ಕೆ ಹಿಡಿಯುತ್ತಾರೆ. ಒಪ್ಪಿಗೆ ಎಲ್ಲಿಂದ ಬಂತು? 'ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ' ಎಂದು ಹಿರಿಯರು ಹೇಳಿಕೊಟ್ಟರು. ರಾಜಿ ಮಾಡಿಕೊಂಡು ಹೋಗಮ್ಮ ಎಂದು ಠಾಣೆಯಲ್ಲಿ ಹೇಳಿದರು. ಜಗಳಾಡುವ ಗಂಡಹೆಂಡಿರನ್ನು ಸ್ಟುಡಿಯೋಕ್ಕೆ ಕರೆಸುವ 'ಬದುಕು ಜಟಕಾ ಬಂಡಿ'ಯಂಥ ಕಾರ್ಯಕ್ರಮಗಳು ಬಂದಾಗ ಮನೆಯ ಮಾತು ಹೊರಗೆ ಆಡಬಹುದೆಂಬ ಧೈರ್ಯ ಕೆಲವರಿಗೆ ಬಂದದ್ದುಂಟು. ಆದರೆ ಕಾಯಿದೆಯ ಪ್ರಕಾರ ಅಪರಾಧವಾದದ್ದು ಅಲ್ಲಿ ಬುದ್ಧಿವಾದದಲ್ಲಿ ಮುಗಿಯುವ ಸಂಸಾರದ ಕಥೆಯಾಯಿತು. ಪತ್ನಿಯ ಮೇಲಿನ ಕ್ರೌರ್ಯ 1983ರಿಂದ 498ಎ ಅಡಿ ಅಪರಾಧ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು. ಕೌಟುಂಬಿಕ ಹಿಂಸೆ ತಡೆ ಕಾಯಿದೆ 2005ರದ್ದು. ವರದಕ್ಷಿಣೆ ನಿಷೇಧವಾದದ್ದು 1961ರಲ್ಲೇ. ಸಾವಿರಾರು ಕಂತುಗಳಲ್ಲಿ ಎಷ್ಟು ನಾಯಕಿಯರು ಈ ಕಾಯಿದೆಗಳ ಹೆಸರು ಹೇಳಿದ್ದಾರೆ? ತಾಳಿ ಕಣ್ಣಿಗೊತ್ತಿಕೊಂಡವರನ್ನು ಮಾತ್ರ ದಿನವೂ ನೋಡುತ್ತೇವೆ.

ಏನು ಮಾಡಬೇಕು?

ದಿನವಿಡೀ ದುಡಿದವಳ ಅರ್ಧ ಗಂಟೆಯ ಬಿಡುವನ್ನೂ ಕಿತ್ತುಕೊಳ್ಳುತ್ತೀರಾ ಎಂದು ಕೇಳುವವರಿದ್ದಾರೆ. ಟಿ.ವಿ. ಒಡೆಯಿರಿ ಎಂದು ನಾವು ಹೇಳುತ್ತಿಲ್ಲ. ಕಟ್ಟೆಯ ಮೇಲೆ ಆಡುವ ಮಾತನ್ನು ಕಾಗದದ ಮೇಲೆ ಆಡಿ ಎನ್ನುತ್ತಿದ್ದೇವೆ.

ನೋಡುಗರಿಗೆ ಹಕ್ಕುಗಳಿವೆ. 1986ರ ಮಹಿಳೆಯರ ಅಶ್ಲೀಲ ನಿರೂಪಣೆ ನಿಷೇಧ ಕಾಯಿದೆ, 1995ರ ಕೇಬಲ್ ಟಿ.ವಿ. ಕಾಯಿದೆ ಮತ್ತು ಅದರಡಿಯ ಕಾರ್ಯಕ್ರಮ ಸಂಹಿತೆ ಹೆಣ್ಣನ್ನು ಹೀನಾಯವಾಗಿ ತೋರಿಸುವುದನ್ನು ತಡೆಯುತ್ತವೆ. 2021ರ ತಿದ್ದುಪಡಿಯ ಪ್ರಕಾರ ನೋಡುಗರ ದೂರಿಗೆ ವಾಹಿನಿ 15 ದಿನಗಳೊಳಗೆ ಉತ್ತರ ಕೊಡಬೇಕು. ಉತ್ತರ ಹಿಡಿಸದಿದ್ದರೆ ಪ್ರಸಾರಕರ ಮೇಲ್ಮಂಡಳಿಗೆ ಹೋಗಬಹುದು. ಕಾರ್ಯಕ್ರಮದ ಹೆಸರು, ವಾಹಿನಿ, ದಿನಾಂಕ, ಹೊತ್ತು, ಕಂಡದ್ದೇನು, ಅದು ಏಕೆ ತಪ್ಪು – ಇಷ್ಟು ಬರೆದರೆ ದೂರು ಆಯಿತು. ಕನ್ನಡ ವಾಹಿನಿಗೆ ಕನ್ನಡದಲ್ಲೇ ಬರೆಯಿರಿ.

ನಾಲ್ಕು ತಾಲ್ಲೂಕುಗಳ ಸ್ತ್ರೀಶಕ್ತಿ ಸಂಘಗಳು, ಮಹಿಳಾ ಸಂಘಗಳು ತಿಂಗಳಿಗೊಂದು ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಇಡಲಿ. ಆ ತಿಂಗಳು ನೋಡಿದ ಒಂದು ಸಿನಿಮಾ, ಒಂದು ಧಾರಾವಾಹಿ ತೆಗೆದುಕೊಳ್ಳಲಿ. ಹೊಡೆದವನು ಯಾರು? ಅವನಿಗೆ ಏನಾಯಿತು? ಏಟು ತಿಂದವಳು ಎಲ್ಲಿಗೆ ಹೋದಳು? ನಮ್ಮೂರಿನಲ್ಲಾದರೆ ಎಲ್ಲಿಗೆ ಹೋಗಬಹುದಿತ್ತು? ಬರೆಯಲು ಬರುವವಳು ಬರೆಯಲಿ, ಉಳಿದವರು ಸಹಿ ಹಾಕಲಿ, ಹೆಬ್ಬೆಟ್ಟು ಒತ್ತಲಿ. ಕೊನೆಯ ಪ್ರಶ್ನೆ ಕೇಳಿದಾಗ ಸಭೆಯಲ್ಲಿ ಯಾರಾದರೊಬ್ಬಳು ಸುಮ್ಮನೆ ತಲೆ ತಗ್ಗಿಸಿದರೆ, ಧಾರಾವಾಹಿಯನ್ನು ಅಲ್ಲಿಗೇ ಬಿಟ್ಟು ಮೊದಲು ಅವಳ ಮಾತು ಕೇಳಿ. ಮಹಿಳಾ ಸಹಾಯವಾಣಿಯ ಸಂಖ್ಯೆ 181.

ಮೀಟರು ನಮ್ಮ ಮನೆಗೆ ಬಾರದಿದ್ದರೆ ಬಾರದಿರಲಿ. ನಾವು ಟಿ.ವಿ. ಹಚ್ಚಿದ್ದನ್ನು ಮಾತ್ರ ಎಣಿಸಿದವರು ನಾವು ಬೇಡವೆಂದದ್ದನ್ನೂ ಇನ್ನು ಮೇಲೆ ಎಣಿಸಲಿ.