ಗಾಳಿ ಯಾರ ಸ್ವತ್ತು?



ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಮ್ಮ ಮಕ್ಕಳ ಕಾಯಕ ವಿದ್ಯುತ್ತನ್ನೇ ನಂಬಿದೆ. ಗಾಳಿಯಿಂದ ಬರುವ ವಿದ್ಯುತ್ತಿಗೆ ಹೊಗೆಯಿಲ್ಲ, ಬೂದಿಯಿಲ್ಲ. ಆದ್ದರಿಂದ ಗಾಳಿಯಂತ್ರವೇ ಬೇಡವೆಂದು ನಾನು ಹೇಳಲಾರೆ.

ಆದರೆ ಅದು ನಿಲ್ಲುವ ನೆಲವನ್ನೂ ನೋಡಬೇಕು. ಪಕ್ಕದ ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳ ತವರು. ಗಣಿಗಾರಿಕೆಯಿಂದ ಅದನ್ನು ಉಳಿಸಲು ಲಿಂಗೈಕ್ಯ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು 2017ರಲ್ಲಿ ಜನರೊಡನೆ ಧರಣಿ ಕುಳಿತರು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಅದೇ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳೂ ತಿರುಗುತ್ತಿವೆ. ಯಂತ್ರ ಏರಬೇಕಾದರೆ ದಾರಿ ಕಡಿಯಲೇಬೇಕು.

ಇಂದು ಎರೆಹೊಲಗಳಲ್ಲೂ ಕಂಬಗಳು ಏಳುತ್ತಿವೆ. ಹೊಲ ಕೊಟ್ಟವರಿಗೆ ಹಣ ಸಿಗುತ್ತದೆ, ಸಂತೋಷ. ಸದ್ದು ಕೇಳುವ ಪಕ್ಕದ ಹೊಲದವರಿಗೆ ಏನು? ಕುರಿ ಮೇಯಿಸುವವರಿಗೆ, ಹೊಲವೇ ಇಲ್ಲದ ಕೂಲಿಯವರಿಗೆ ಏನು? ಗಾಳಿ ಯಾರ ಹೆಸರಿನ ಪಹಣಿಯಲ್ಲೂ ಇಲ್ಲ. ಅದರ ಗಳಿಕೆ ಮಾತ್ರ ಕೆಲವರದೇ ಆದರೆ ನಮ್ಮ ದಾಸೋಹದ ಮಾತಿಗೆ ಅರ್ಥವೇನು?

ಯೋಜನೆ ಬಂದ ಊರಿನವರಲ್ಲಿ ನನ್ನದೊಂದು ಬಿನ್ನಹ. ಸಹಿ ಹಾಕುವ ಮುನ್ನ ಮಠದ ಅಂಗಳದಲ್ಲಿ ಎಲ್ಲರೂ ಕೂಡಿರಿ. ಅನುಭವ ಮಂಟಪದಲ್ಲಿ ಹೆಣ್ಣು-ಗಂಡು, ಮೇಲು-ಕೀಳು ಎನ್ನದೆ ಕೂಡಿದಂತೆ ಕೂಡಿರಿ. ಕರಾರುಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿರಿ. ಇಪ್ಪತ್ತು-ಇಪ್ಪತ್ತೈದು ವರ್ಷಕ್ಕೆ ಯಂತ್ರದ ಆಯುಷ್ಯ ಮುಗಿದಾಗ ಹೊಲದೊಳಗಿನ ಕಾಂಕ್ರೀಟನ್ನು ಕೀಳುವವರು ಯಾರೆಂದು ಕೇಳಿರಿ. ಊರಿನ ಕೆರೆಗೆ, ಶಾಲೆಗೆ ಪಾಲೆಷ್ಟೆಂದು ಬರೆಸಿಕೊಳ್ಳಿರಿ.

ಉತ್ತರ ಸಿಕ್ಕರೆ ಒಪ್ಪಿರಿ. ಸಿಗದಿದ್ದರೆ ಸಹಿಗೆ ಅವಸರ ಬೇಡ. ಗಾಳಿ ಎಲ್ಲಿಗೂ ಓಡಿಹೋಗುವುದಿಲ್ಲ.