ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಗಡಿಯಾರ ಹನ್ನೆರಡು ಹೊಡೆದಾಗ ಹಾನಗಲ್ಲಿನ ಹೊಲದಲ್ಲಿ ಸೂರ್ಯನಿನ್ನೂ ನೆತ್ತಿಗೆ ಬಂದಿರುವುದಿಲ್ಲ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣಿತ ಕಾಲ ನಿಂತಿರುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಮೇಲೆ. ಆ ರೇಖೆ ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಅದಕ್ಕಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹೀಗಾಗಿ ಈ ಊರುಗಳ ನಿಜವಾದ ನಡುಹಗಲು, ಸರಾಸರಿ ಲೆಕ್ಕದಲ್ಲಿ, ಗಡಿಯಾರದ ಹನ್ನೆರಡೂವರೆಯ ಹೊತ್ತಿಗೆ.

ಸೂರ್ಯನನ್ನು ನೋಡಿ ದುಡಿಯುತ್ತಿದ್ದ ಕಾಲದಲ್ಲಿ ಈ ಅರ್ಧ ಗಂಟೆಯ ಅಂತರ ಯಾರಿಗೂ ತೊಡಕಾಗಲಿಲ್ಲ. ಹೊತ್ತೇರಿದಾಗ ಹೊಲಕ್ಕೆ, ಹೊತ್ತಿಳಿದಾಗ ಮನೆಗೆ. ಈ ಸೀಮೆಯ ಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಹೇಳುತ್ತವೆ. ದಿನವನ್ನು 60 ಘಳಿಗೆಗಳಾಗಿ ಹಂಚಿಕೊಂಡಿದ್ದ ಸಮಾಜಕ್ಕೆ ಒಂದು ಘಳಿಗೆ ಎಂದರೆ ಇಂದಿನ 24 ನಿಮಿಷ. ಅದಕ್ಕಿಂತ ಸಣ್ಣ ಲೆಕ್ಕ ಜೋಯಿಸರಿಗೆ ಬೇಕಿತ್ತೇ ಹೊರತು ಕೂಲಿಕಾರನಿಗಲ್ಲ.

ಇಂದು ಹಾಗಿಲ್ಲ. ಟ್ರ್ಯಾಕ್ಟರಿನ ಬಾಡಿಗೆ ಗಂಟೆಯ ಲೆಕ್ಕ, ಜೆಸಿಬಿಯದೂ ಗಂಟೆಯ ಲೆಕ್ಕ. ಎಂಜಿನ್ ಎಷ್ಟು ಗಂಟೆ ಓಡಿತು ಎಂದು ತೋರಿಸುವ ಮೀಟರ್ ಯಂತ್ರದಲ್ಲೇ ಇದೆ. ಆದರೆ ಅದೇ ಹೊಲದಲ್ಲಿ ಗೋವಿನಜೋಳ ಮುರಿಯುವ ಆಳಿಗೆ, ಮೆಣಸಿನಕಾಯಿ ಬಿಡಿಸುವ ಹೆಣ್ಣುಮಕ್ಕಳಿಗೆ, ಹತ್ತಿಯ ಜಿನ್ನಿಂಗ್ ಗಿರಣಿಯ ಹಮಾಲನಿಗೆ ಅಂಥ ಮೀಟರ್ ಇಲ್ಲ. ಅವರು ಎಷ್ಟು ಹೊತ್ತು ದುಡಿದರು ಎಂಬುದು ಮತ್ತೊಬ್ಬರ ಪುಸ್ತಕದಲ್ಲಿ, ಮತ್ತೊಬ್ಬರ ಕೈಬರಹದಲ್ಲಿ ಇರುತ್ತದೆ.

ಈಗ ಆ ಪುಸ್ತಕ ಕಾಗದದಿಂದ ಮೊಬೈಲಿಗೆ ಬಂದಿದೆ. ಉದ್ಯೋಗ ಖಾತ್ರಿ ಕಾಮಗಾರಿಗಳ ಹಾಜರಿಗಾಗಿ ಕೇಂದ್ರ ಸರ್ಕಾರ 2021ರ ಮೇ ತಿಂಗಳಲ್ಲಿ ಎನ್.ಎಂ.ಎಂ.ಎಸ್. ಎಂಬ ಆ್ಯಪ್ ಹೊರತಂದಿತು. ವೈಯಕ್ತಿಕ ಫಲಾನುಭವಿಗಳ ಕೆಲಸಗಳನ್ನು ಬಿಟ್ಟು ಉಳಿದೆಲ್ಲ ಕಡೆ 2023ರ ಜನವರಿ 1ರಿಂದ ಅದು ಕಡ್ಡಾಯವಾಯಿತು. ಕೆರೆಯ ಹೂಳೆತ್ತುವವರು, ಬದು ಹಾಕುವವರು ದಿನಕ್ಕೆರಡು ಸಲ ಸಾಲಾಗಿ ನಿಲ್ಲಬೇಕು. ಕರ್ನಾಟಕದಲ್ಲಿ ಕಾಯಕ ಬಂಧು ಎಂದು ಕರೆಯುವ ಮೇಟಿ ಫೋಟೊ ತೆಗೆಯಬೇಕು. ಫೋಟೊದ ಜೊತೆಗೆ ಸಮಯವೂ ಸ್ಥಳವೂ ದಾಖಲಾಗಿ ಸರ್ವರ್ ಸೇರುತ್ತವೆ.

ಉದ್ದೇಶ ಒಳ್ಳೆಯದೇ. ಕೆಲಸಕ್ಕೆ ಬಾರದವರ ಹೆಸರಿನಲ್ಲಿ ಹಣ ಎತ್ತುವುದನ್ನು ತಡೆಯುವುದು ಅದರ ಗುರಿಯಾಗಿತ್ತು. ಆದರೆ ನೆಟ್‌ವರ್ಕ್ ಸಿಗದ ದಿನ, ಸರ್ವರ್ ಕೈಕೊಟ್ಟ ದಿನ, ಮಣ್ಣು ಹೊತ್ತವರ ಹಾಜರಿ ದಾಖಲಾಗುವುದಿಲ್ಲ ಎಂಬ ದೂರು ದೇಶದ ಹಲವೆಡೆ ಎದ್ದಿತು. 2023-24ರಲ್ಲಿ ಕರ್ನಾಟಕದ ದಿನಗೂಲಿ 316 ರೂಪಾಯಿ. ಫೋಟೊ ತಪ್ಪಿದರೆ ಅಷ್ಟೂ ಅಪಾಯಕ್ಕೆ ಬಿತ್ತು. ಇನ್ನೊಂದು ಕಡೆ ಮೋಸವೂ ನಿಲ್ಲಲಿಲ್ಲ. ಫೋಟೊದ ಫೋಟೊ ತೆಗೆದು ಹಾಕುವುದು, ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರ ಕಳಿಸುವುದು ನಡೆದಿದೆ ಎಂದು 2025ರ ಜುಲೈಯಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಹಳೆಯ ಕಾಯ್ದೆಯ ಬದಲಿಗೆ 125 ದಿನಗಳ ಹೊಸ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹೊಸ ಕಾಯ್ದೆಯೂ ಮೊಬೈಲ್ ಉಸ್ತುವಾರಿಯನ್ನೇ ನೆಚ್ಚಿಕೊಂಡಿದೆ.

ತೊಡಕು ಮೊಬೈಲಿನದಲ್ಲ. ದುಡಿದವನ ಕೈಯಲ್ಲಿ ತನ್ನದೆಂಬ ಒಂದು ಲೆಕ್ಕ ಉಳಿಯುವುದಿಲ್ಲ ಎಂಬುದೇ ತೊಡಕು.

ರಾಜಸ್ಥಾನದ ಕೂಲಿಕಾರರು ಇದನ್ನು ಮೂವತ್ತು ವರ್ಷಗಳ ಹಿಂದೆಯೇ ಕಂಡುಕೊಂಡರು. ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಜನರ ಸಭೆ ಕರೆದು ಬರ ಪರಿಹಾರ ಮುಂತಾದ ಕೆಲಸಗಳ ಲೆಕ್ಕಪತ್ರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿತು. ಹಾಜರಿ ಪುಸ್ತಕ ನೋಡುವುದು ನಮ್ಮ ಹಕ್ಕು ಎಂಬ ಆ ಹೋರಾಟವೇ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ಒಂದು ದಾರಿಯಾಯಿತು.

ಕಂಪ್ಯೂಟರ್ ಲೋಕದಲ್ಲಿ ಇದೇ ಮಾತನ್ನು ಬೇರೆ ಬಗೆಯಲ್ಲಿ ಹೇಳುವವರಿದ್ದಾರೆ. ಅವರು ಬರೆಯುವುದು ಮುಕ್ತ ತಂತ್ರಾಂಶ. ಅದರ ಒಳಗಿನ ಬರಹ ಎಲ್ಲರಿಗೂ ತೆರೆದಿರುತ್ತದೆ. ತಿಳಿದವರು ಓದಿ ನೋಡಬಹುದು, ತಿದ್ದಬಹುದು, ಕನ್ನಡಕ್ಕೆ ತರಬಹುದು, ಮತ್ತೊಬ್ಬರಿಗೆ ಹಂಚಬಹುದು. ಮೊಬೈಲಿನ ಗಡಿಯಾರದ ಹಿಂದೆಯೂ ಅಂಥ ಒಂದು ಕೆಲಸ ಅಡಗಿದೆ. ಯಾವ ದೇಶದಲ್ಲಿ ಎಷ್ಟು ಗಂಟೆ ಎಂಬ ಪಟ್ಟಿಯನ್ನು 1980ರ ದಶಕದಿಂದ ಸ್ವಯಂಸೇವಕರು ಜೋಪಾನ ಮಾಡುತ್ತ ಬಂದಿದ್ದಾರೆ. ನಮ್ಮ ಫೋನುಗಳಿಗೆ ಐದೂವರೆ ಗಂಟೆಯ ಲೆಕ್ಕ ಹೇಳಿಕೊಡುವ ‘ಏಷ್ಯಾ/ಕೋಲ್ಕತ’ ಎಂಬ ಸಾಲು ಇರುವುದು ಅದರಲ್ಲೇ. 2011ರಲ್ಲಿ ಅಮೆರಿಕದ ಒಂದು ಜ್ಯೋತಿಷ್ಯ ತಂತ್ರಾಂಶ ಕಂಪನಿ ಆ ಪಟ್ಟಿಯಲ್ಲಿ ತನ್ನ ಪುಸ್ತಕದ ಮಾಹಿತಿ ಇದೆ ಎಂದು ಮೊಕದ್ದಮೆ ಹೂಡಿತು. 2012ರಲ್ಲಿ ಅದನ್ನು ತಾನೇ ಹಿಂದಕ್ಕೆ ಪಡೆಯಿತು. ಎಷ್ಟು ಗಂಟೆ ಎಂಬುದು ಯಾರ ಸ್ವತ್ತೂ ಅಲ್ಲ ಎಂಬ ಮಾತು ಉಳಿಯಿತು.

ದುಡಿದ ಹೊತ್ತು ಬರೆದಿಡಲೂ ಇಂಥ ಆ್ಯಪ್‌ಗಳಿವೆ. ‘ಟ್ರ್ಯಾಕ್ ವರ್ಕ್ ಟೈಮ್’ ಅವುಗಳಲ್ಲೊಂದು. ಕೆಲಸಕ್ಕೆ ಇಳಿದಾಗ ಒಮ್ಮೆ, ಮುಗಿಸಿದಾಗ ಒಮ್ಮೆ ಒತ್ತಿದರೆ ಸಾಕು, ದಿನದ ಮತ್ತು ವಾರದ ಮೊತ್ತ ಅದೇ ಕೂಡಿಸುತ್ತದೆ. ಲೆಕ್ಕ ಫೋನಿನಲ್ಲೇ ಇರುತ್ತದೆ, ಜಾಹೀರಾತಿನ ಕಾಟವೂ ಇಲ್ಲ. ‘ಸಿಂಪಲ್ ಟೈಮ್ ಟ್ರ್ಯಾಕರ್’ ಇನ್ನೊಂದು. ಇವೆರಡೂ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಭಂಡಾರದಲ್ಲಿ ಪುಕ್ಕಟೆ ಸಿಗುತ್ತವೆ.

ಮುಕ್ತವಾಗಿದ್ದರೆ ಏನು ಲಾಭ ಎಂಬುದಕ್ಕೆ ಒಂದು ನಿದರ್ಶನವಿದೆ. ಗಡಿಯಾರ, ಕ್ಯಾಲೆಂಡರ್ ಮೊದಲಾದವನ್ನು ಸರಳವಾಗಿ ಕೊಡುತ್ತಿದ್ದ ‘ಸಿಂಪಲ್ ಮೊಬೈಲ್ ಟೂಲ್ಸ್’ ಎಂಬ ಆ್ಯಪ್‌ಗಳ ಗುಂಪು 2023ರ ಕೊನೆಯಲ್ಲಿ ಒಂದು ಕಂಪನಿಗೆ ಮಾರಾಟವಾಯಿತು. ಬೇರೆಯ ತಂತ್ರಾಂಶವಾಗಿದ್ದರೆ ಬಳಸುವವರು ಕೈಕಟ್ಟಿ ಕೂರಬೇಕಿತ್ತು. ಇದರ ಬರಹ ಎಲ್ಲರಿಗೂ ತೆರೆದಿದ್ದರಿಂದ ಹಳೆಯ ಕೆಲಸಗಾರರಲ್ಲೊಬ್ಬರು ಅದನ್ನೇ ಎತ್ತಿಕೊಂಡು ‘ಫಾಸಿಫೈ’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಯಜಮಾನ ಬದಲಾದರೂ ಗಡಿಯಾರ ಜನರ ಬಳಿಯೇ ಉಳಿಯಿತು.

ಕೂಲಿಕಾರ ಬರೆದ ಲೆಕ್ಕಕ್ಕೆ ಬೆಲೆ ಇದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದ ಕಾರ್ಮಿಕ ಇಲಾಖೆ 2011ರಲ್ಲಿ ಕೆಲಸಗಾರರಿಗೆಂದೇ ಇಂಥ ಒಂದು ಆ್ಯಪ್ ಕೊಟ್ಟಿತು. ಮಾಲೀಕ ಸರಿಯಾದ ದಾಖಲೆ ಇಡದಿದ್ದರೆ ಕೆಲಸಗಾರನ ಸ್ವಂತ ದಾಖಲೆ ತನಿಖೆಗೆ ನೆರವಾಗಲಿ ಎಂಬುದು ಅದರ ಕಾರಣ. ನಮ್ಮಲ್ಲೂ 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ದಿನಕ್ಕೆ ಎಂಟು ಗಂಟೆಯ ಮಿತಿಯನ್ನೂ ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿಯನ್ನೂ ಹೇಳುತ್ತವೆ. ಆದರೆ ಹೆಚ್ಚಿನ ಹೊತ್ತು ಎಷ್ಟು ಎಂದು ತೋರಿಸುವ ಲೆಕ್ಕ ಮಾಲೀಕನ ಪುಸ್ತಕದಲ್ಲಿ ಮಾತ್ರ ಇದ್ದರೆ ಎರಡು ಪಟ್ಟಿನ ಮಾತು ಕಾಗದದಲ್ಲೇ ಉಳಿಯುತ್ತದೆ.

ಆ್ಯಪಿಗೂ ಮಿತಿ ಇದೆ. ಫೋನಿನ ಸಮಯವನ್ನು ಕೈಯಿಂದ ಹಿಂದೆ ಮುಂದೆ ಮಾಡಬಹುದು. ಆದ್ದರಿಂದ ಸಮಯ ನೆಟ್‌ವರ್ಕಿನಿಂದ ತಾನೇ ಬರುವಂತೆ ಇಟ್ಟುಕೊಳ್ಳುವುದು ಲೇಸು. ತಾನೊಬ್ಬನೇ ಬರೆದ ಲೆಕ್ಕವನ್ನು ಎದುರಿನವನು ಒಪ್ಪಬೇಕೆಂದಿಲ್ಲ. ಎಷ್ಟೋ ಹೆಣ್ಣುಮಕ್ಕಳ ಕೈಯಲ್ಲಿ ಇಂಥ ಫೋನೇ ಇಲ್ಲ. ಮನೆಯಲ್ಲಿ ಒಂದಿದ್ದರೂ ಅದು ಮಗನ ಬಳಿಯೋ ಗಂಡನ ಬಳಿಯೋ ಇರುತ್ತದೆ. ಗುತ್ತಿಗೆ ಲೆಕ್ಕದಲ್ಲಿ ಚೀಲಕ್ಕೆ ಇಷ್ಟು, ಸಾಲಿಗೆ ಇಷ್ಟು ಎಂದು ಕೂಲಿ ಕೊಡುವಲ್ಲಿ ಗಂಟೆಯ ಮಾತೇ ಬರುವುದಿಲ್ಲ.

ಇಷ್ಟಿದ್ದರೂ ಹತ್ತು ಆಳುಗಳ ಗುಂಪಿನಲ್ಲಿ ಒಬ್ಬರ ಬಳಿ ಫೋನಿದ್ದರೆ ಹತ್ತು ಜನರ ಹೊತ್ತು ಬರೆಯಬಹುದು. ಫೋನಿಲ್ಲದಿದ್ದರೆ ಎರಡು ರೂಲ್ ಹಾಕಿದ ನೋಟುಬುಕ್ಕೂ ಸಾಕು, ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ. ಹೊಲದ ಒಡೆಯನಿಗೂ ಇದು ನಷ್ಟದ ಬಾಬತ್ತಲ್ಲ. ಟ್ರ್ಯಾಕ್ಟರಿನವನು ಎಷ್ಟು ಗಂಟೆ ಹೊಡೆದ ಎಂದು ಅವನೂ ಹೀಗೆಯೇ ಬರೆದಿಟ್ಟುಕೊಳ್ಳಬಹುದು. ಸಂತೆಯ ಹಿಂದಿನ ದಿನ ಬಟವಾಡೆಗೆ ಕೂತಾಗ ಎರಡೂ ಕಡೆಯ ಲೆಕ್ಕ ಎದುರಿಗಿಟ್ಟು ಓದಿದರೆ, ಅಂತರ ಬಂದದ್ದು ಯಾವ ದಿನ ಎಂದು ಅಲ್ಲೇ ಗೊತ್ತಾಗುತ್ತದೆ. ತಿಂಗಳು ಕಳೆದ ಮೇಲೆ ನೆನಪಿನ ಮೇಲೆ ಜಗಳಾಡುವುದಕ್ಕಿಂತ ಅದು ಸುಲಭ.